ಹಳೆಯ ಚರ್ಚು, ಹಳ್ಳಿಯ ಧರ್ಮಕೇಂದ್ರ, ಸುತ್ತಲ ಕೋಟೆ ಗುಡಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಬೆಂಗಳೂರಿನಲ್ಲೂ ಸುತ್ತಲ ಊರುಗಳಲ್ಲೂ ಇರುವ ಹಳೆಯ ಚರ್ಚುಗಳನ್ನು ನೋಡುವುದು ಹೇಗೆ ಎಂದು ಹಲವು ಓದುಗರು ಬರೆದಿದ್ದಾರೆ. ಕೆಲವರಿಗೆ ಒಂದು ದಿನದ ಪ್ರವಾಸದ ದಾರಿ ಬೇಕು, ಕೆಲವರಿಗೆ ಅಜ್ಜನ ದಾಖಲೆ, ಇನ್ನು ಕೆಲವರಿಗೆ ತಮ್ಮೂರ ಚರ್ಚಿನ ಗೋಡೆಯದೇ ಚಿಂತೆ. ಚರ್ಚನ್ನು ಅದರ ಊರಿನಿಂದ, ಅಲ್ಲಿನ ಕೋಟೆ, ಗುಡಿ, ಸಮಾಧಿಗಳಿಂದ ಬೇರ್ಪಡಿಸಿ ನೋಡಿದರೆ ಅರ್ಧ ಮಾತ್ರ ಕಾಣುತ್ತದೆ. ಹಾಗಾಗಿ ಉತ್ತರಗಳಲ್ಲಿ ಎಲ್ಲವೂ ಬೆರೆತೇ ಬರುತ್ತವೆ.

ಪ್ರಶ್ನೆ: ಒಂದೇ ದಿನದಲ್ಲಿ ಹೋಗಿ ಬರುವಂತೆ ಹಳೆಯ ಚರ್ಚು ಮತ್ತು ಐತಿಹಾಸಿಕ ಜಾಗ ಎರಡೂ ಇರುವ ಊರು ಹೇಳಿ. ಜೊತೆಗೆ ಎಪ್ಪತ್ತು ದಾಟಿದ ಅಮ್ಮ, ಇಬ್ಬರು ಮಕ್ಕಳು ಇರುತ್ತಾರೆ.
— ಓದುಗರು, ಕೆಂಗೇರಿ

ಶ್ರೀರಂಗಪಟ್ಟಣಕ್ಕೆ ಹೋಗಿ, ಆದರೆ ಗಂಜಾಮನ್ನು ಬಿಡಬೇಡಿ. ಸಾಮಾನ್ಯವಾಗಿ ಜನ ರಂಗನಾಥನ ದರ್ಶನ, ದರಿಯಾ ದೌಲತ್, ಸಂಗಮ ಎಂದು ಮುಗಿಸಿ ಮೈಸೂರಿಗೆ ಓಡುತ್ತಾರೆ. ಗಂಜಾಮಿನಲ್ಲಿರುವ ಪುಟ್ಟ ಚರ್ಚನ್ನು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಕಟ್ಟಿಸಿದ್ದು, 1800ರ ಆಸುಪಾಸಿನಲ್ಲಿ. ಟಿಪ್ಪು ಸುಲ್ತಾನ್ 1799ರಲ್ಲಿ ಮಡಿದ ಮೇಲೆ ಚದುರಿಹೋಗಿದ್ದ ಕಥೋಲಿಕರನ್ನು ಮತ್ತೆ ಒಂದೆಡೆ ಸೇರಿಸಲು ಬಂದವರು ಅವರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದರು. ಈ ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಊರೂರು ತಿರುಗಿದವರೂ ಅವರೇ. 1823ರಲ್ಲಿ ಫ್ರಾನ್ಸಿಗೆ ಮರಳಿದರು. ಚರ್ಚು ನೋಡಲು ಅದ್ದೂರಿಯಾಗಿಲ್ಲ. ಅದರ ಬೆಲೆ ಇರುವುದು ಆ ಸರಳತೆಯಲ್ಲೇ.

ಶ್ರೀರಂಗಪಟ್ಟಣ ಕಾವೇರಿಯ ನಡುವಿನ ದ್ವೀಪ. ಕೋಟೆ ಪಶ್ಚಿಮದ ತುದಿಗೆ, ಗಂಜಾಂ ಮತ್ತು ಟಿಪ್ಪುವಿನ ಸಮಾಧಿಯಾದ ಗುಂಬಜ್ ಪೂರ್ವಕ್ಕೆ. ಪಶ್ಚಿಮದಿಂದ ಪೂರ್ವಕ್ಕೆ ಹೋದರೆ ಬಂದ ದಾರಿಯಲ್ಲೇ ಹಿಂದಿರುಗುವ ಕಷ್ಟವಿಲ್ಲ. ಕೆಂಗೇರಿಯಿಂದ ಬೆಳಿಗ್ಗೆ ಆರಕ್ಕೆ ಹೊರಟರೆ, ತಿಂಡಿಗೆ ನಿಂತರೂ ಎಂಟೂವರೆಯೊಳಗೆ ತಲುಪುತ್ತೀರಿ. ಮೊದಲು ರಂಗನಾಥಸ್ವಾಮಿ ದೇವಸ್ಥಾನ ಮುಗಿಸಿ, ಏಕೆಂದರೆ ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಬಳಿಕ ಕೋಟೆಯೊಳಗೇ ಇರುವ, ಬ್ರಿಟಿಷ್ ಅಧಿಕಾರಿ ಕರ್ನಲ್ ಬೇಲಿಯ ಹೆಸರಿನ ಸೆರೆಮನೆ, ಟಿಪ್ಪುವಿನ ದೇಹ ಸಿಕ್ಕ ಜಾಗ, ಎರಡು ಮಿನಾರಿನ ಜುಮ್ಮಾ ಮಸೀದಿ. ಸೆರೆಮನೆಗೆ ಮೆಟ್ಟಿಲು ಇಳಿಯಬೇಕು. ಅಮ್ಮನಿಗೆ ಮಂಡಿನೋವಿದ್ದರೆ ಮೇಲಿನಿಂದಲೇ ನೋಡಲಿ. ರೈಲು ಹಳಿಯ ಹತ್ತಿರ ಟಿಪ್ಪುವಿನ ಮದ್ದಿನ ಮನೆಯೊಂದಿದೆ. ಜೋಡಿ ಹಳಿ ಹಾಕುವಾಗ ಅಡ್ಡ ಬಂದ ಈ ಕಟ್ಟಡವನ್ನು ಒಡೆಯದೆ, ಬುಡ ಸಮೇತ ಎತ್ತಿ 2017ರಲ್ಲಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದ್ದಾರೆ. ಮಕ್ಕಳಿಗೆ ಇದನ್ನು ಹೇಳಿ ತೋರಿಸಿ, ಬೇರೆಲ್ಲ ಮರೆತರೂ ಇದನ್ನು ಮರೆಯುವುದಿಲ್ಲ.

ಆಮೇಲೆ ದರಿಯಾ ದೌಲತ್. ಇಲ್ಲಿ ಪಶ್ಚಿಮದ ಗೋಡೆಯ ಮುಂದೆ ಕನಿಷ್ಠ ಇಪ್ಪತ್ತು ನಿಮಿಷ ನಿಲ್ಲಿ. ಹೈದರ್, ಟಿಪ್ಪು ಸೈನ್ಯ ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಕದನ ಗೋಡೆ ತುಂಬ ಹರಡಿದೆ. ಚೌಕಾಕಾರವಾಗಿ ನಿಂತ ಕೆಂಪು ಅಂಗಿಯ ಸಿಪಾಯಿಗಳು, ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಲಿ, ಪಕ್ಕದಲ್ಲಿ ಹೊತ್ತಿ ಸಿಡಿಯುತ್ತಿರುವ ಮದ್ದಿನ ಗಾಡಿ. ಬೆಳಿಗ್ಗೆ ನೋಡಿದ ಸೆರೆಮನೆಗೆ ಇದೇ ಬೇಲಿಯ ಹೆಸರು. ಸೆರೆಯಲ್ಲಿದ್ದಾಗಲೇ 1782ರಲ್ಲಿ ಆತ ತೀರಿಕೊಂಡ. ಆತನ ಸ್ಮಾರಕ ಗುಂಬಜಿನ ಹತ್ತಿರವೇ ಇದೆ. ಸೆರೆಮನೆ, ಚಿತ್ರ, ಸ್ಮಾರಕ ಮೂರನ್ನೂ ಒಂದೇ ದಿನ ನೋಡಿದರೆ ಮಾತ್ರ ಈ ಕತೆ ಪೂರ್ತಿಯಾಗುತ್ತದೆ.

ಗಂಜಾಂ ಚರ್ಚನ್ನು ಗುಂಬಜಿಗೆ ಹೋಗುವ ಮುಂಚೆ ನೋಡಿ. ಬಾಗಿಲು ಹಾಕಿದ್ದರೆ ಗದ್ದಲ ಮಾಡದೆ ಪಕ್ಕದ ಮನೆಗಳಲ್ಲಿ ವಿಚಾರಿಸಿ. ಇನ್ನೊಂದು ಮುಖ್ಯ ಜಾಗ ಕಾವೇರಿ ದಡದ ಗ್ಯಾರಿಸನ್ ಸ್ಮಶಾನ, ಇಲ್ಲಿ ನೆಲೆಸಿದ್ದ ಬ್ರಿಟಿಷ್ ಸೈನ್ಯದ್ದು. ಸುಮಾರು 300 ಗೋರಿಗಳಿವೆ. ಬ್ರಿಟಿಷರ ಪರವಾಗಿ ಕಾದಿದ ಸ್ವಿಸ್ ದಳ ದ ಮ್ಯೂರೋನ್ ರೆಜಿಮೆಂಟಿನವರೂ ಇಲ್ಲಿ ಮಲಗಿದ್ದಾರೆ. ಆ ಮನೆತನದವರೇ ಮುಂದೆ ಬಂದು ಇದನ್ನು ದುರಸ್ತಿ ಮಾಡಿಸಿದ್ದಾರೆ. ಗೋರಿಗಳ ಮೇಲಿನ ವಯಸ್ಸುಗಳನ್ನು ಓದುತ್ತಾ ಹೋಗಿ. ಹೆಂಗಸರು, ಹಸುಗೂಸುಗಳು ಎಷ್ಟು ಮಂದಿ! ದ್ವೀಪದ ಜ್ವರ ತಾಳಲಾರದೆ ಸೈನ್ಯ 1809ರಲ್ಲಿ ಬೆಂಗಳೂರಿಗೆ ಬಂದಿತು. ನಮ್ಮ ದಂಡು ಪ್ರದೇಶ (ಕಂಟೋನ್ಮೆಂಟ್), ಅಲ್ಲಿನ ಚರ್ಚುಗಳು ಎದ್ದದ್ದು ಈ ಸಮಾಧಿಗಳ ಕಾರಣಕ್ಕೆ ಎಂದರೆ ತಪ್ಪಲ್ಲ.

ಬೈಕಿನಲ್ಲಿ ಹೋಗುವವರಿಗೆ ಒಂದು ಮಾತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟಿನಿಂದ ದ್ವಿಚಕ್ರ ವಾಹನ, ಆಟೋಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ಮುಕ್ಕಾಲು ಗಂಟೆ ಹೆಚ್ಚು ಇಟ್ಟುಕೊಳ್ಳಿ. ಕಾರಿನವರು ಶ್ರೀರಂಗಪಟ್ಟಣದ ತಿರುವು ತಪ್ಪಿಸಿಕೊಂಡರೆ ಮೈಸೂರಿನ ಹತ್ತಿರದವರೆಗೂ ಹೋಗಿ ತಿರುಗಿ ಬರಬೇಕಾದೀತು.

ಪ್ರಶ್ನೆ: ನಾವು ಕ್ರೈಸ್ತರಲ್ಲ. ಚರ್ಚಿನೊಳಗೆ ಹೋಗಬಹುದೇ? ಏನು ಪಾಲಿಸಬೇಕು?
— ಓದುಗರು, ದೊಡ್ಡಬಳ್ಳಾಪುರ

ಧಾರಾಳವಾಗಿ ಹೋಗಬಹುದು. ಬಲಿಪೂಜೆ (ಮಾಸ್) ಅಥವಾ ಆರಾಧನೆ ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ, ಮುಗಿಯುವ ತನಕ ಓಡಾಡಬೇಡಿ, ಚಿತ್ರ ತೆಗೆಯಬೇಡಿ. ಪೂಜೆಯಲ್ಲಿ ಕೊಡುವ ಪರಮಪ್ರಸಾದ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಪಡೆದವರಿಗೆ ಮಾತ್ರ. ದೇವಸ್ಥಾನದ ಪ್ರಸಾದವೆಂದುಕೊಂಡು ಸಾಲಿನಲ್ಲಿ ನಿಲ್ಲುವವರಿದ್ದಾರೆ, ಅದರಿಂದ ಕೊಡುವವರಿಗೂ ಇಕ್ಕಟ್ಟು. ಪೀಠದ ಮೆಟ್ಟಿಲು ಹತ್ತಬೇಡಿ. ಪಾಪನಿವೇದನೆಯ ಪೆಟ್ಟಿಗೆಯೊಳಗೆ ಇಣುಕಬೇಡಿ. ಚಪ್ಪಲಿಯ ವಿಷಯ ಊರಿಂದೂರಿಗೆ ಬೇರೆ: ನಗರದಲ್ಲಿ ಹಾಕಿಕೊಂಡೇ ಹೋಗುವುದುಂಟು, ಹಳ್ಳಿಯಲ್ಲಿ ಬಹುಪಾಲು ಹೊರಗೆ ಬಿಡುತ್ತಾರೆ. ಬಾಗಿಲಲ್ಲಿ ಚಪ್ಪಲಿಗಳ ಸಾಲು ಕಂಡರೆ ನೀವೂ ಬಿಡಿ.

ಡ್ರೋನ್ ತರಲೇಬೇಡಿ. ದಂಡು ಪ್ರದೇಶದಲ್ಲಿ ಸೈನ್ಯದ ನೆಲ, ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ. ಎರಡೂ ಕಡೆ ಕಾನೂನಿನ ತೊಡಕಿಗೆ ಸಿಲುಕುತ್ತೀರಿ.

ಪ್ರಶ್ನೆ: ಹಾಸನದಿಂದ ಬೆಂಗಳೂರಿಗೆ ಬರುತ್ತಿದ್ದೇವೆ. ಅರ್ಧ ದಿನ ಬಿಡುವಿದೆ. ನಗರದ ಹಳೆಯ ಚರ್ಚುಗಳಲ್ಲಿ ಯಾವುವನ್ನು ನೋಡಬೇಕು?
— ಓದುಗರು, ಹಾಸನ

ಎಂ.ಜಿ. ರಸ್ತೆಯ ಎರಡು ತುದಿಗಳಿಂದ ಶುರು ಮಾಡಿ. ಪಶ್ಚಿಮದ ತುದಿಯಲ್ಲಿ ಸೇಂಟ್ ಮಾರ್ಕ್ಸ್ ಕೆಥೆಡ್ರಲ್. 1808ರಲ್ಲಿ ಆರಂಭವಾಗಿ 1812ಕ್ಕೆ ಮುಗಿದು, 1816ರಲ್ಲಿ ಪ್ರತಿಷ್ಠೆಯಾಯಿತು. 1923ರಲ್ಲಿ ಬೆಂಕಿ ಬಿದ್ದು ಸುಟ್ಟಿತು, ಮತ್ತೆ ಕಟ್ಟಿ 1927ರಲ್ಲಿ ತೆರೆದರು. ಆದ್ದರಿಂದ ಒಳಗೆ ಕಾಣುವುದೆಲ್ಲ ಇನ್ನೂರು ವರ್ಷ ಹಳೆಯದೆಂದು ತಿಳಿಯಬೇಡಿ. ಪೂರ್ವದ ತುದಿಯಲ್ಲಿ 1851ರ ಹೋಲಿ ಟ್ರಿನಿಟಿ ಚರ್ಚು. ಟ್ರಿನಿಟಿ ಮೆಟ್ರೊ ನಿಲ್ದಾಣಕ್ಕೆ ಹೆಸರು ಬಂದದ್ದು ಇದರಿಂದ, ಇಳಿದರೆ ಪಕ್ಕದಲ್ಲೇ ಇದೆ. ಇಂಗ್ಲಿಷ್ ದಳಗಳಿಗೆಂದು ಕಟ್ಟಿದ್ದು. ಗೋಡೆಯ ಸ್ಮಾರಕ ಫಲಕಗಳೇ ಇಲ್ಲಿನ ದೊಡ್ಡ ಆಸ್ತಿ. ಹೆಸರಿಗಿಂತ ಹೆಚ್ಚಾಗಿ ಸತ್ತ ಕಾರಣ ಓದಿ. ಕದನದಲ್ಲಿ ಸತ್ತವರ ಜೊತೆಗೆ ಜ್ವರ, ಕಾಲರಾದಿಂದ ಹೋದವರೂ ಸಿಗುತ್ತಾರೆ.

ಅಲ್ಲಿಂದ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚಿಗೆ ಆಟೋದಲ್ಲಿ ಹತ್ತು ನಿಮಿಷ. ಸ್ಕಾಟ್ಲೆಂಡಿನ ಪ್ರೆಸ್ಬಿಟೀರಿಯನ್ನರದು. 1864ರಲ್ಲಿ ಅಡಿಗಲ್ಲು, 1866ರಲ್ಲಿ ಉದ್ಘಾಟನೆ. ಎತ್ತರದ ಗಡಿಯಾರ ಗೋಪುರ, ಒಳಗೆ ಹಳೆಯ ಪೈಪ್ ಆರ್ಗನ್. ಭಾನುವಾರ ಬೆಳಗಿನ ಆರಾಧನೆಗೆ ಹೋದರೆ ಆರ್ಗನ್ ಕೇಳಲೂ ಸಿಕ್ಕೀತು, ಬೇರೆ ದಿನ ನೋಡಿ ಬರಬಹುದಷ್ಟೆ.

ಕನ್ನಡದ ಆರಾಧನೆ ಕೇಳಬೇಕೆಂದಿದ್ದರೆ ಕಾರ್ಪೊರೇಷನ್ ವೃತ್ತದ ಹಡ್ಸನ್ ಸ್ಮಾರಕ ಚರ್ಚು. 1904ರದು, ವೆಸ್ಲಿಯನ್ ಮಿಷನ್ನಿನ ಜೋಸಯ್ಯ ಹಡ್ಸನ್ನರ ನೆನಪಿಗೆ ಕಟ್ಟಿದ್ದು. ನಮ್ಮ ಅಭಿಪ್ರಾಯದಲ್ಲಿ ಸಮಯ ಕಡಿಮೆಯಿದ್ದವರು ನಾಲ್ಕರ ಹಿಂದೆ ಓಡದೆ ಟ್ರಿನಿಟಿ ಮತ್ತು ಹಡ್ಸನ್ ಎರಡನ್ನೇ ನಿಧಾನವಾಗಿ ನೋಡಲಿ. ಒಂದು ಸೈನ್ಯದ ಚರ್ಚು, ಇನ್ನೊಂದು ಪೇಟೆಯ ಕನ್ನಡಿಗರ ಚರ್ಚು. ದಂಡು ಮತ್ತು ಪೇಟೆ ಎಂಬ ಹಳೆಯ ಬೆಂಗಳೂರಿನ ಎರಡು ಹೋಳುಗಳು ಹೇಗೆ ಬೇರೆ ಬೇರೆಯಾಗಿ ಬೆಳೆದವೆಂದು ಆಗ ಗೊತ್ತಾಗುತ್ತದೆ.

ಪ್ರಶ್ನೆ: ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾಗೆ ಸೆಪ್ಟೆಂಬರ್ ಜಾತ್ರೆಯಲ್ಲೇ ಹೋಗಬೇಕೇ?
— ಓದುಗರು, ಮಾಗಡಿ

ಹಬ್ಬ ನೋಡಲು ಜಾತ್ರೆಗೆ ಹೋಗಿ, ಕಟ್ಟಡ ನೋಡಲು ಬೇರೆ ದಿನ ಹೋಗಿ. ಆಗಸ್ಟ್ 29ರಂದು ಧ್ವಜ ಏರುತ್ತದೆ, ಒಂಬತ್ತು ದಿನ ನೊವೇನ ಎಂಬ ಪ್ರಾರ್ಥನೆ, ಸೆಪ್ಟೆಂಬರ್ 8ರ ಸಂಜೆ ತೇರು. ಕೊನೆಯ ದಿನ ಸುತ್ತಲ ರಸ್ತೆಗಳಲ್ಲಿ ವಾಹನ ಹೋಗದು. ಮಕ್ಕಳು ವಯಸ್ಸಾದವರು ಜೊತೆಗಿದ್ದರೆ ನೊವೇನದ ಮೊದಲ ಮೂರು ನಾಲ್ಕು ದಿನಗಳಲ್ಲಿ, ಬೆಳಿಗ್ಗೆ ಹೋಗುವುದು ಲೇಸು. ಹರಕೆ ಹೊತ್ತವರು ಕಾವಿ ಬಣ್ಣದ ಸೀರೆ ಉಟ್ಟು ಬರುವುದನ್ನು ಆಗ ನೋಡಬಹುದು.

ಇಲ್ಲಿಯೂ ದೊಡ್ಡ ಸ್ವಾಮಿಯವರ ಹೆಜ್ಜೆ ಇದೆ. 1818ರಲ್ಲಿ ಅಬ್ಬೆ ದ್ಯುಬುವಾ ಇಲ್ಲಿ ಕಟ್ಟಿಸಿದ ಸಣ್ಣ ಗುಡಿಗೆ ಕಾಣಿಕೆ ಮಾತೆಯ ಹೆಸರಿತ್ತು. ಈಗಿನ ಗಾಥಿಕ್ ಕಟ್ಟಡ 1882ರ ಸೆಪ್ಟೆಂಬರ್ 8ರಂದು ಪ್ರತಿಷ್ಠೆಯಾಯಿತು. 1974ರಲ್ಲಿ ಬೆಸಿಲಿಕಾ ಪದವಿ, ಅಂದರೆ ಪೋಪ್ ಕೊಡುವ ವಿಶೇಷ ಗೌರವ ಬಂತು. ಬಣ್ಣದ ಗಾಜಿನ ಕಿಟಕಿಗಳನ್ನು ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ನೋಡಿ. ನಡುಮಧ್ಯಾಹ್ನ ಅವು ಸಪ್ಪೆ.

ಪ್ರಶ್ನೆ: ನಗರದ ದೊಡ್ಡ ಚರ್ಚುಗಳು ಸಾಕು. ಬೆಂಗಳೂರಿನ ಸುತ್ತಲ ಹಳ್ಳಿಗಳಲ್ಲಿ ಹಳೆಯ ಕ್ರೈಸ್ತ ಊರುಗಳು ಎಲ್ಲಿವೆ? ಅಲ್ಲಿ ಏನು ನೋಡಬೇಕು?
— ಓದುಗರು, ನೆಲಮಂಗಲ

ನಿಮ್ಮ ಹತ್ತಿರದಲ್ಲೇ ಇವೆ. ಚಿಕ್ಕಬಾಣಾವರ ದಾಟಿ ಹೆಸರಘಟ್ಟದ ಕಡೆ ಹೋದರೆ ಶಿಲ್ವೇಪುರ. ಕನಕಪುರ ರಸ್ತೆಯಲ್ಲಿ ತಾತಗುಣಿಯ ಬಳಿ ಮರಿಯಾಪುರ. ಕನಕಪುರದಾಚೆ ಹಾರೋಬೆಲೆ. ಇವು ನಗರದಿಂದ ಹೋಗಿ ನೆಲೆಸಿದವರ ಬಡಾವಣೆಗಳಲ್ಲ, ತಲೆಮಾರುಗಳಿಂದ ಹೊಲ ಉತ್ತು ಬದುಕಿದ ಕನ್ನಡದ ಊರುಗಳು.

ಇವುಗಳ ಹಿನ್ನೆಲೆ ತಿಳಿಯಲು ಎರಡು ಕಾಲಘಟ್ಟ ನೆನಪಿರಲಿ. ಮೊದಲನೆಯದು ಕಥೋಲಿಕ ಗುರುಗಳ ಸಂಘವಾದ ಜೆಸುಯಿಟರ ಮೈಸೂರು ಮಿಷನ್. ಇಟಲಿಯ ಲಿಯೊನಾರ್ಡೊ ಚಿನ್ನಾಮಿ 1640ರ ದಶಕದ ಕೊನೆಗೆ ಶ್ರೀರಂಗಪಟ್ಟಣಕ್ಕೆ ಬಂದು ಇದನ್ನು ಆರಂಭಿಸಿದರು, ಕನ್ನಡ ಕಲಿತು ವ್ಯಾಕರಣ ಬರೆದರು. ಎರಡನೆಯದು ಧಾತು ಈಶ್ವರ ಸಂವತ್ಸರಗಳ ಬರ, ಅಂದರೆ 1876–78. ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಗೆ ಸುಮಾರು 50 ಲಕ್ಷವಿದ್ದ ಜನ 1881ಕ್ಕೆ 42 ಲಕ್ಷಕ್ಕೆ ಇಳಿದಿದ್ದರು. ಆ ಬರದಲ್ಲಿ ಅನಾಥರಾದ ಮಕ್ಕಳಿಗೆ ಫ್ರೆಂಚ್ ಮಿಷನರಿಗಳು ಆಶ್ರಯ ಕೊಟ್ಟರು. ಅವರು ದೊಡ್ಡವರಾದಾಗ ಬೇಸಾಯಕ್ಕೆ ನೆಲ ಮಾಡಿಕೊಟ್ಟರು, ಹೊಸ ಊರುಗಳು ಎದ್ದವು. ನೀವು ಹೋದ ಊರು ಯಾವ ಕಾಲದ್ದೆಂದು ಅಲ್ಲಿನ ಹಿರಿಯರನ್ನೇ ಕೇಳಿ. ಇಂಥ ಊರುಗಳಲ್ಲಿ ಎಪ್ಪತ್ತು ದಾಟಿದವರಿಗೆ ತಮ್ಮ ಮನೆತನ ಎಲ್ಲಿಂದ ಬಂತೆಂಬ ಮಾತು ಬಾಯಲ್ಲೇ ಇರುತ್ತದೆ.

ಹೋಗುವ ಹೊತ್ತು ಮುಖ್ಯ. ಗುರುಗಳು ನೆಲೆಸಿರುವ ಧರ್ಮಕೇಂದ್ರದಲ್ಲಿ ದಿನವೂ ಪೂಜೆ ಇರುತ್ತದೆ, ಉಪಕೇಂದ್ರದ ಸಣ್ಣ ಗುಡಿಗಳಿಗೆ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಬಾಗಿಲು ತೆರೆಯುತ್ತದೆ. ವಾರದ ನಡುವೆ ಸುಮ್ಮನೆ ಹೋದರೆ ಬೀಗ ನೋಡಿ ಬರುತ್ತೀರಿ. ಭಾನುವಾರ ಬೆಳಗಿನ ಪೂಜೆ ಮುಗಿಯುವ ಹೊತ್ತಿಗೆ ಅಲ್ಲಿರಿ. ಗುರುಗಳು ಮುಂದಿನ ಊರಿನ ಪೂಜೆಗೆ ಹೊರಡುವ ಅವಸರದಲ್ಲಿರುತ್ತಾರೆ, ಅವರನ್ನು ಹಿಡಿದು ನಿಲ್ಲಿಸಬೇಡಿ. ಊರಿನಲ್ಲಿ ಧರ್ಮಪಾಠ ಹೇಳುವ ಉಪದೇಶಿಯನ್ನು ಹುಡುಕಿ. ಬೀಗದ ಕೈ, ಊರಿನ ಕತೆ ಎರಡೂ ಸಾಮಾನ್ಯವಾಗಿ ಅವರ ಹತ್ತಿರ.

ಒಳಗೆ ಹೋಗುವ ಮೊದಲು ಚರ್ಚನ್ನು ಹೊರಗಿನಿಂದ ಒಂದು ಸುತ್ತು ಬನ್ನಿ. ಧ್ವಜಸ್ತಂಭ, ಕಲ್ಲಿನ ಶಿಲುಬೆ, ಲೂರ್ದು ಮಾತೆಯ ಗವಿ, ತೇರಿನ ಕೊಟ್ಟಿಗೆ, ಶಿಲುಬೆ ಹಾದಿಯ 14 ನಿಲುಗಡೆಗಳು, ಎಲ್ಲಕ್ಕೂ ಜಾಗ ಇದೆ. ಕಟ್ಟಡವನ್ನು ಎಷ್ಟೋ ಸಲ ಹೊಸದಾಗಿ ಕಟ್ಟಿರುತ್ತಾರೆ, ಆದರೆ ಕಲ್ಲಿನ ಶಿಲುಬೆ ಮತ್ತು ಗಂಟೆ ಹಳೆಯವೇ ಉಳಿದಿರುತ್ತವೆ. ಗಂಟೆಯ ಅಂಚಿನ ಸುತ್ತ ಉಬ್ಬಕ್ಷರಗಳಲ್ಲಿ ಎರಕ ಹೊಯ್ದವರ ಹೆಸರು, ಊರು, ವರ್ಷ ಇರುವುದುಂಟು. ಕೆಳಗಿನಿಂದ ಫೋನಿನ ಕ್ಯಾಮೆರಾ ಹಿಗ್ಗಿಸಿ ಓದಿ. ಗಂಟೆಯ ಹಗ್ಗ ಮುಟ್ಟಬೇಡಿ. ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಮೊಳಗಿದರೆ ಊರಲ್ಲಿ ಸಾವಾಯಿತೆಂದು ಜನ ಓಡಿ ಬಂದಾರು.

ಹೆಂಚಿನ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಲವು ಮಂಗಳೂರು ಹೆಂಚುಗಳ ಮೇಲೆ ಬಾಸೆಲ್ ಮಿಷನ್ ಎಂದೂ 1865 ಎಂದೂ ಅಚ್ಚಾಗಿರುತ್ತದೆ. ಅದು ಮಂಗಳೂರಿನಲ್ಲಿ ಆ ಕಾರ್ಖಾನೆ ಶುರುವಾದ ವರ್ಷ. ಹೆಂಚು ಸುಟ್ಟ ವರ್ಷವೂ ಅಲ್ಲ, ಚರ್ಚು ಕಟ್ಟಿದ ವರ್ಷವೂ ಅಲ್ಲ. ಆ ಮಾಡು 1865ಕ್ಕಿಂತ ಹಳೆಯದಲ್ಲ ಎಂಬುದಷ್ಟೇ ಅದರಿಂದ ಗೊತ್ತಾಗುವುದು.

ಹಾರೋಬೆಲೆಗೆ ಹೋಗುವುದಾದರೆ ಪವಿತ್ರ ವಾರದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ವಾರದಲ್ಲಿ ಹೋಗಿ. ಯೇಸುವಿನ ಪಾಡುಮರಣದ ನಾಟಕವನ್ನು ಊರವರೇ ಆಡುವ ಪರಂಪರೆ ಅಲ್ಲಿದೆ. ನೆಲದ ಮೇಲೆ ಕೂರಲು ಚಾಪೆ, ರಾತ್ರಿಯ ತಂಪಿಗೆ ಹೊದಿಕೆ, ಕುಡಿಯುವ ನೀರು ಒಯ್ಯಿರಿ. ತಡರಾತ್ರಿ ಬಸ್ಸು ಸಿಗುತ್ತದೆಂದು ನಂಬಬೇಡಿ. ಈಸ್ಟರಿಗೆ ಮುಂಚಿನ ತಪಸ್ಸುಕಾಲವಾದ್ದರಿಂದ ಊರಿನಲ್ಲಿ ಆಗ ಉಪವಾಸ. ಅಲ್ಲಿ ಬಾಡೂಟದ ಡಬ್ಬಿ ಬಿಚ್ಚಬಾರದು.

ಪ್ರಶ್ನೆ: ನಮ್ಮೂರ ಚರ್ಚು ನೂರು ವರ್ಷಕ್ಕೂ ಹಳೆಯದು. ಗೋಡೆ ಬುಡದಲ್ಲಿ ತೇವ, ಗಾರೆ ಉದುರುತ್ತಿದೆ. ಹಬ್ಬಕ್ಕೆ ಮುಂಚೆ ಸಿಮೆಂಟ್ ಗಿಲಾವು ಮಾಡಿಸಿ ಪ್ಲಾಸ್ಟಿಕ್ ಬಣ್ಣ ಹೊಡೆಸಬೇಕೆಂದು ಸಮಿತಿ ಹೊರಟಿದೆ. ಸರಿಯೇ?
— ಓದುಗರು, ಆನೇಕಲ್

ಖಂಡಿತ ಬೇಡ. ಹಳೆಯ ಕಟ್ಟಡಗಳು ಹೆಚ್ಚಾಗಿ ಹಾಳಾಗುತ್ತಿರುವುದು ಮಳೆ ಬಿಸಿಲಿನಿಂದಲ್ಲ, ಇಂಥ ದುರಸ್ತಿಯಿಂದ.

ನಿಮ್ಮ ಗೋಡೆ ನಾಡ ಇಟ್ಟಿಗೆ ಅಥವಾ ಕಲ್ಲು, ಸುಣ್ಣದ ಗಾರೆ. ನೆಲದಿಂದ ತೇವ ಮೇಲೇರುತ್ತದೆ, ಸುಣ್ಣದ ಗಿಲಾವಿನ ಮೂಲಕ ಆರಿಹೋಗುತ್ತದೆ. ಸಿಮೆಂಟ್ ಹಚ್ಚಿದರೆ ಆರುವ ದಾರಿ ಮುಚ್ಚಿತು. ನೀರು ಗೋಡೆಯೊಳಗೇ ನಿಂತು ಮತ್ತೂ ಮೇಲೇರುತ್ತದೆ, ಅದರಲ್ಲಿ ಕರಗಿದ ಉಪ್ಪು ಹರಳುಗಟ್ಟಿ ಮೆತ್ತನೆಯ ಇಟ್ಟಿಗೆಯನ್ನು ಹಿಟ್ಟು ಮಾಡುತ್ತದೆ. ಹೊರಗೆ ಎರಡು ಮೂರು ಮಳೆಗಾಲ ಗಟ್ಟಿಯಾಗಿ ಕಾಣುವ ಸಿಮೆಂಟ್, ಆಮೇಲೆ ಹಿಂದಿನ ಇಟ್ಟಿಗೆಯ ಚಕ್ಕೆ ಸಮೇತ ಹಪ್ಪಳದಂತೆ ಕಳಚಿ ಬೀಳುತ್ತದೆ. ಪ್ಲಾಸ್ಟಿಕ್ ಬಣ್ಣ ಮಾಡುವುದೂ ಇದನ್ನೇ, ಮೊದಲು ಗುಳ್ಳೆ ಏಳುತ್ತದೆ ಅಷ್ಟೆ.

ಮೊದಲು ಗೋಡೆಯಲ್ಲಿ ಏನಿದೆ ಎಂದು ನೋಡಿ. ಕಣ್ಣಿಗೆ ಬೀಳದ ಮೂಲೆಯಲ್ಲಿ ಮೊಳೆಯಿಂದ ಕೆರೆಯಿರಿ. ಬಿಳಿ ಅಥವಾ ಕೆನೆ ಬಣ್ಣದ ಪುಡಿ ಸುಲಭವಾಗಿ ಉದುರಿದರೆ ಸುಣ್ಣ. ಬೂದು ಬಣ್ಣದ ಗೀರು ಮಾತ್ರ ಮೂಡಿದರೆ ಹಿಂದೆ ಯಾರೋ ಸಿಮೆಂಟ್ ಹಚ್ಚಿದ್ದಾರೆ.

ಗಿಲಾವಿಗಿಂತ ಮೊದಲು ನೀರಿನ ದಾರಿ ಸರಿಪಡಿಸಿ. ಒಡೆದ ಹೆಂಚು ಬದಲಿಸಿ, ಮಾಡಿನ ನೀರು ಗೋಡೆ ಬುಡಕ್ಕೆ ಬೀಳದಂತೆ ದೂರ ಹರಿಸಿ. ಗೋಡೆಗೆ ಅಂಟಿಕೊಂಡಂತೆ ಸಿಮೆಂಟ್ ಅಂಗಳ ಹಾಕಿದ್ದರೆ ಗೋಡೆಯಿಂದ ಒಂದೂವರೆ ಅಡಿ ಕಿತ್ತು ಜಲ್ಲಿ ತುಂಬಿಸಿ. ಇಷ್ಟು ಮಾಡಿ ಒಂದು ಬೇಸಿಗೆ ಬಿಟ್ಟರೆ ಅರ್ಧ ತೇವ ತಾನೇ ಹೋಗುವುದುಂಟು. ಗೋಡೆಯಲ್ಲಿ ಅರಳಿ, ಆಲದ ಸಸಿ ಬೇರೂರಿದ್ದರೆ ಎಳೆದು ಕೀಳಬೇಡಿ, ಕಲ್ಲೂ ಜೊತೆಗೆ ಬರುತ್ತದೆ. ಬುಡಕ್ಕೆ ಕತ್ತರಿಸಿ, ಚಿಗುರಿದಾಗಲೆಲ್ಲ ಮತ್ತೆ ಕತ್ತರಿಸಿ. ಬೇರು ಸತ್ತು ಒಣಗಿದ ಮೇಲೆ ಆ ಸಂದಿಗೆ ಸುಣ್ಣದ ಗಾರೆ ತುಂಬಿಸಿ.

ಗಾರೆಗೆ ಒಂದು ಪಾಲು ಚೆನ್ನಾಗಿ ಅರಳಿಸಿದ ಸುಣ್ಣ, ಎರಡೂವರೆಯಿಂದ ಮೂರು ಪಾಲು ತೊಳೆದ ಮರಳು. ಸುಣ್ಣ ನೀರಿನಲ್ಲಿ ಕನಿಷ್ಠ ಮೂರು ವಾರ ಕೊಳೆತಿರಬೇಕು. ಅರಳದ ಹರಳು ಉಳಿದರೆ ಗೋಡೆಗೇರಿದ ಮೇಲೆ ಅರಳಿ ಚಕ್ಕೆ ಸಿಡಿಸುತ್ತದೆ. ಗೋಡೆ ನೆನೆಸಿ, ಒಂದೊಂದು ಪದರ 10–12 ಮಿಲಿಮೀಟರಿಗಿಂತ ದಪ್ಪವಿಲ್ಲದಂತೆ ಹಚ್ಚಬೇಕು. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಅದಕ್ಕೆ ಸಮಯ ಬೇಕು. ಹತ್ತು ದಿನವಾದರೂ ಒದ್ದೆ ಗೋಣಿ ಕಟ್ಟಿ ನೆರಳು ಮಾಡಿ. ಬೇಗ ಒಣಗಿದರೆ ಬಿರುಕು, ಕೈಯಾಡಿಸಿದರೆ ಪುಡಿ. ಕೊನೆಗೆ ಹಾಲಿನಷ್ಟು ತೆಳುವಾದ ಸುಣ್ಣದ ನೀರು, ದಿನಕ್ಕೊಂದರಂತೆ ಮೂರು ನಾಲ್ಕು ಕೈ. ದಪ್ಪಗೆ ಎರಡು ಕೈ ಬಳಿದರೆ ಹೊಪ್ಪಳಿಕೆ ಏಳುತ್ತದೆ. ಬೆಂಗಳೂರಿನ ಹವೆಗೆ ನವೆಂಬರಿನಿಂದ ಜನವರಿ ಒಳ್ಳೆಯ ಕಾಲ. ಹಬ್ಬ ಹತ್ತಿರವಿದ್ದರೆ ಈ ವರ್ಷ ತೋರಣ ಕಟ್ಟಿ ನಡೆಸಿ, ಗಿಲಾವನ್ನು ಅವಸರದಲ್ಲಿ ಮಾಡಿಸಬೇಡಿ.

ಪ್ರಶ್ನೆ: ಅಜ್ಜನ ದೀಕ್ಷಾಸ್ನಾನದ ದಾಖಲೆ ಹಳ್ಳಿಯ ಚರ್ಚಿನಲ್ಲಿ ಸಿಗಬಹುದೇ? ಹೇಗೆ ಕೇಳಬೇಕು?
— ಓದುಗರು, ಬಾಣಸವಾಡಿ

ಸಿಗುವ ಸಾಧ್ಯತೆ ಚೆನ್ನಾಗಿದೆ. ಕಥೋಲಿಕ ಧರ್ಮಕೇಂದ್ರಗಳು ದೀಕ್ಷಾಸ್ನಾನ, ಮದುವೆ, ಮರಣಗಳಿಗೆ ಬೇರೆ ಬೇರೆ ಪುಸ್ತಕ ಇಡುತ್ತವೆ. ಹೋಗುವಾಗ ಅಜ್ಜನ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ವರ್ಷದ ಅಂದಾಜು, ಗೊತ್ತಿದ್ದರೆ ಜ್ಞಾನತಂದೆ ಜ್ಞಾನತಾಯಿಯರ ಹೆಸರು ಬರೆದುಕೊಂಡು ಹೋಗಿ. ವರ್ಷ ಗೊತ್ತಿಲ್ಲದಿದ್ದರೆ ಅಂದಾಜಿನ ಹಿಂದು ಮುಂದು ಐದೈದು ವರ್ಷ ನೋಡಬೇಕಾಗುತ್ತದೆ, ಅದಕ್ಕೆ ಗುರುಗಳ ಬಿಡುವು ಕೇಳಿ ಮುಂಚೆಯೇ ದಿನ ಗೊತ್ತುಮಾಡಿಕೊಳ್ಳಿ. ಭಾನುವಾರ ಕೇಳಬೇಡಿ.

ಜನ ಸೋಲುವುದು ಎರಡು ಕಡೆ. ಒಂದು, ಹಳೆಯ ಪುಸ್ತಕಗಳು ಲ್ಯಾಟಿನ್ನಿನಲ್ಲಿರುತ್ತವೆ. ಮನೆಯಲ್ಲಿ ಚೌರಪ್ಪ ಎಂದು ಕರೆದವರು ಅಲ್ಲಿ ಕ್ಸಾವೇರಿಯಸ್, ಇನ್ನಾಸಪ್ಪ ಇಗ್ನೇಷಿಯಸ್, ರಾಯಪ್ಪ ಪೆತ್ರುಸ್, ಚಿನ್ನಪ್ಪ ಪೌಲುಸ್, ಅರುಳಪ್ಪ ಯೊವಾನ್ನೆಸ್ ಆಗಿರಬಹುದು. ಹೆಸರನ್ನು ಈ ಎರಡೂ ರೂಪದಲ್ಲಿ ಹುಡುಕಿ. ಎರಡು, ಈಗಿನ ಧರ್ಮಕೇಂದ್ರ ಹಿಂದೆ ಬೇರೊಂದರ ಉಪಕೇಂದ್ರವಾಗಿದ್ದರೆ ಹಳೆಯ ಪುಸ್ತಕ ಮೂಲ ಕೇಂದ್ರದಲ್ಲಿರುತ್ತದೆ. ಬೆಂಗಳೂರು ಪ್ರತ್ಯೇಕ ಧರ್ಮಕ್ಷೇತ್ರ, ಅಂದರೆ ಬಿಷಪ್ಪರ ಆಡಳಿತದ ಪ್ರದೇಶವಾದದ್ದು 1940ರಲ್ಲಿ. ಅದಕ್ಕೆ ಮೊದಲು ಇಲ್ಲಿನ ಕೇಂದ್ರಗಳು ಮೈಸೂರಿಗೆ ಸೇರಿದ್ದವು ಎಂಬುದು ಹುಡುಕುವಾಗ ನೆನಪಿರಲಿ.

ಹಾಳೆಗಳನ್ನು ಒಣಗಿದ ಕೈಯಿಂದ ಮೇಲಿನ ಮೂಲೆ ಹಿಡಿದು ತಿರುವಿ, ಬೆರಳಿಗೆ ಎಂಜಲು ಹಚ್ಚಬೇಡಿ, ಹತ್ತಿರದಲ್ಲಿ ಪೆನ್ನು ಬೇಡ, ಪೆನ್ಸಿಲ್ ಸಾಕು. ಚಿತ್ರ ತೆಗೆಯಲು ಅನುಮತಿ ಕೇಳಿ. ದಂಡಿನ ಇಂಗ್ಲಿಷ್ ಚರ್ಚುಗಳಲ್ಲಿ ಈಸ್ಟ್ ಇಂಡಿಯಾ ಕಂಪನಿ ಮತ್ತು ಬ್ರಿಟಿಷ್ ಕಾಲದಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪ್ರತಿ ಲಂಡನ್ನಿಗೆ ಹೋಗುತ್ತಿತ್ತು. ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ, ಮದ್ರಾಸ್ ಪ್ರಾಂತ್ಯದ ಎನ್/2 ಸರಣಿಯಲ್ಲಿವೆ.

ಪ್ರಶ್ನೆ: ಶೆಟ್ಟಿಹಳ್ಳಿಯ ಮುಳುಗುವ ಚರ್ಚನ್ನು ಯಾವಾಗ ನೋಡಬೇಕು? ಒಳಗೆ ಹೋಗಬಹುದೇ?
— ಓದುಗರು, ತುಮಕೂರು

ನೀರಿನ ನಡುವೆ ನೋಡಬೇಕಾದರೆ ಆಗಸ್ಟ್–ಅಕ್ಟೋಬರ್, ಹತ್ತಿರ ನಡೆದು ಹೋಗಬೇಕಾದರೆ ಫೆಬ್ರವರಿ–ಮೇ. ಮಳೆ ಹೆಚ್ಚು ಕಡಿಮೆಯಾದಂತೆ ಇದು ಬದಲಾಗುತ್ತದೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಈ ರೋಸರಿ ಮಾತೆಯ ಚರ್ಚು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿತು, ಊರು ಎದ್ದು ಹೋಯಿತು. ಮಾಡು ಇಲ್ಲ, ಗೋಡೆ ಕಮಾನುಗಳಷ್ಟೇ ಉಳಿದಿವೆ.

ಒಳಗೆ ಹೋಗಬೇಡಿ ಎಂದೇ ಹೇಳುತ್ತೇವೆ. ವರ್ಷ ವರ್ಷವೂ ನೆನೆದು ಒಣಗುವ ಸುಣ್ಣದ ಗಾರೆ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ತೊಳೆದುಹೋಗುತ್ತದೆ. ಕಮಾನಿನ ಇಟ್ಟಿಗೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆಯೇ ಹೊರತು ಅಂಟಿಕೊಂಡಿಲ್ಲ. ಈಗಾಗಲೇ ಕೆಲವು ಭಾಗ ಕುಸಿದಿವೆ. ಕಮಾನಿನ ಕೆಳಗೆ ಮದುವೆ ಜೋಡಿಗಳನ್ನು ನಿಲ್ಲಿಸಿ ಚಿತ್ರ ತೆಗೆಯುವುದಂತೂ ಅಪಾಯವೇ ಸರಿ. ಗೋಡೆ ಎಷ್ಟು ಎತ್ತರವೋ ಅಷ್ಟು ದೂರ ನಿಂತು ನೋಡಿ. ನೀರು ಇಳಿದ ಮೇಲೂ ಹೂಳು ಮೇಲೆ ಒಣಗಿ ಒಳಗೆ ಹಸಿಯಾಗಿರುತ್ತದೆ, ಕಾರನ್ನು ರಸ್ತೆಯಲ್ಲೇ ನಿಲ್ಲಿಸಿ.

ಪ್ರಶ್ನೆ: ಹಳ್ಳಿಯ ಸಮಾಧಿ ತೋಟದಲ್ಲಿ ಒಂದು ಹಳೆಯ ಕಲ್ಲಿದೆ, ಅಕ್ಷರ ಸವೆದಿದೆ. ಸೀಮೆಸುಣ್ಣ ಉಜ್ಜಿದರೆ ಕಾಣುತ್ತದೆಯೇ?
— ಓದುಗರು, ಹೊಸಕೋಟೆ

ಸೀಮೆಸುಣ್ಣ, ಮೈದಾ, ಆಮ್ಲ, ತಂತಿ ಬ್ರಷ್ ಯಾವುದೂ ಬೇಡ. ಸೀಮೆಸುಣ್ಣ ಕಲ್ಲಿನ ರಂಧ್ರಗಳಲ್ಲಿ ಕೂತುಬಿಡುತ್ತದೆ, ತಂತಿ ಉಳಿದ ಅಕ್ಷರವನ್ನೂ ಕೆರೆಯುತ್ತದೆ. ಬೆಳಕಿನಿಂದಲೇ ಓದಬಹುದು. ಬೆಳಿಗ್ಗೆ ಏಳೂವರೆಯೊಳಗೆ ಅಥವಾ ಸಂಜೆ ಐದರ ಮೇಲೆ, ಬಿಸಿಲು ಕಲ್ಲಿನ ಮುಖವನ್ನು ಓರೆಯಾಗಿ ಸವರುವಾಗ ಹೋಗಿ. ಕಲ್ಲು ಉತ್ತರಕ್ಕೆ ಮುಖ ಮಾಡಿದ್ದರೆ ಮನೆಯ ಕನ್ನಡಿಯೊಂದನ್ನು ಒಯ್ದು ಬಿಸಿಲನ್ನು ಪಕ್ಕದಿಂದ ಹಾಯಿಸಿ, ಇಲ್ಲವೇ ಮುಸ್ಸಂಜೆಯಲ್ಲಿ ಟಾರ್ಚನ್ನು ಕಲ್ಲಿಗೆ ಹತ್ತಿರ ಹತ್ತಿರ ಸಮಾನಾಂತರವಾಗಿ ಹಿಡಿಯಿರಿ. ಎಡ, ಬಲ, ಮೇಲು ಮೂರೂ ಕಡೆಯಿಂದ ಒಂದೊಂದು ಚಿತ್ರ ತೆಗೆದರೆ ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಸಿಗುತ್ತದೆ. ಪಾಚಿ ಇದ್ದರೆ ಬರೀ ನೀರು ಚಿಮುಕಿಸಿ ಮೆತ್ತನೆಯ ಬ್ರಷ್ಷಿನಿಂದ ಕೆಳಗಿನಿಂದ ಮೇಲಕ್ಕೆ ಒರೆಸಿ. ಕಲ್ಲಿನ ಚಕ್ಕೆ ಅಲುಗಾಡುತ್ತಿದ್ದರೆ ಅದನ್ನೂ ಮಾಡಬೇಡಿ.

ಪ್ರಶ್ನೆ: ಚರ್ಚಿನ ಜೊತೆಗೆ ಬೆಂಗಳೂರಿನ ಅತಿ ಹಳೆಯ ಕುರುಹು ನೋಡಬೇಕು. ಎಲ್ಲಿಗೆ ಹೋಗಲಿ?
— ಓದುಗರು, ಬೊಮ್ಮನಹಳ್ಳಿ

ನಿಮಗೆ ಬಲು ಹತ್ತಿರ, ಬೇಗೂರಿನ ನಾಗೇಶ್ವರ ದೇವಸ್ಥಾನ. ಗಂಗರ ಕಾಲದ ಗುಡಿಗಳ ಸಮೂಹ. ಕಾದಾಡಿ ಮಡಿದ ವೀರನನ್ನು ನೆನೆಯುವ ಇಲ್ಲಿನ ಶಾಸನದಲ್ಲಿ ಬೆಂಗಳೂರಿನ ಕಾಳೆಗದ ಮಾತು ಬರುತ್ತದೆ. ಕ್ರಿ.ಶ. 890ರ ಆಸುಪಾಸಿನದು, ಅಂದರೆ ಕೆಂಪೇಗೌಡರಿಗಿಂತ ಆರು ಶತಮಾನಕ್ಕೂ ಹಳೆಯದು. ಹೊಸ ಗೋಪುರದ ಹೊಳಪು ನೋಡಿ ಹಿಂದಿರುಗದೆ, ಒಳಗಿನ ಹಳೆಯ ಗುಡಿಗಳನ್ನೂ ಶಾಸನದ ಕಲ್ಲನ್ನೂ ತೋರಿಸಿ ಎಂದು ಅಲ್ಲಿನವರನ್ನು ಕೇಳಿ. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಹೋದರೆ ಪೂಜೆಯೂ ನಡೆಯುತ್ತಿರುತ್ತದೆ, ಬೆಳಕೂ ಇರುತ್ತದೆ. ಬೇಗೂರಿನದೇ ದೊಡ್ಡ ವೀರಗಲ್ಲು, ಆನೆ ಕುದುರೆಗಳ ಕಾಳಗ ಕೆತ್ತಿದ್ದು, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಸಂಗ್ರಹಾಲಯ ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೊರಡಿ. ಅಲ್ಲಿಂದ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ಲಿಗೆ ನಡೆದೇ ಹೋಗಬಹುದು.